ಅರಮನೆಯ ಕಸ ಗುಡಿಸುವವರು ಯಾರು?

ರಾಮಕೃಷ್ಣನಗರದಲ್ಲಿ ಯಾರಾದರೂ ಅರಮನೆಗೆ ಹೊರಟರೆ, 'ಮನೆಗೆ ಯಾರು ಬಂದಿದ್ದಾರೆ?' ಅಂತಲೇ ಕೇಳುತ್ತಾರೆ. ನೆಂಟರಿಲ್ಲದೆ ಟಿಕೆಟ್ ಕೊಂಡು ಒಳಗೆ ಹೋದ ಮೈಸೂರಿಗನನ್ನು ನಾನಂತೂ ಕಂಡಿಲ್ಲ. ಈ ಸಲ ನಮ್ಮಲ್ಲಿಗೆ ಬಂದವರು ಹುಬ್ಬಳ್ಳಿಯ ಸೋದರತ್ತೆ.

ಚಪ್ಪಲಿ ಬಿಟ್ಟಲ್ಲಿಂದಲೇ ಅತ್ತೆಗೆ ಚಿಂತೆ, ವಾಪಸು ಸಿಗುತ್ತೋ ಇಲ್ಲವೋ ಎಂದು. ಗೈಡು ಮಾತ್ರ ಗಿಳಿಪಾಠ ಒಪ್ಪಿಸುತ್ತಿದ್ದ: 1897ರಲ್ಲಿ ರಾಜಕುಮಾರಿಯ ಮದುವೆ ಹೊತ್ತಿಗೆ ಮರದ ಅರಮನೆ ಸುಟ್ಟಿತು, ಹೆನ್ರಿ ಇರ್ವಿನ್ ನಕ್ಷೆಯ ಈ ಹೊಸದು 1912ಕ್ಕೆ ಮುಗಿಯಿತು, ಖರ್ಚು 41 ಲಕ್ಷ ಚಿಲ್ಲರೆ. ಆ ದುಡ್ಡಿಗೆ ಈಗ ನಮ್ಮ ಬಡಾವಣೆಯಲ್ಲಿ ಥರ್ಟಿ ಫಾರ್ಟಿ ಸೈಟಿನ ಅರ್ಧವೂ ಬರಲಿಕ್ಕಿಲ್ಲ.

ಕಲ್ಯಾಣ ಮಂಟಪದಲ್ಲಿ ಎಲ್ಲರೂ ಕತ್ತೆತ್ತಿ ಗಾಜಿನ ನವಿಲು ನೋಡುತ್ತಿದ್ದರೆ ಅತ್ತೆ ನೆಲ ನೋಡುತ್ತಿದ್ದರು. "ಇಷ್ಟ ದೊಡ್ಡ ಮನಿ, ದಿನಾ ಕಸಾ ಹೊಡಿಯೋರು ಯಾರಪಾ?"

ಗೈಡು ಮೊದಲ ಬಾರಿಗೆ ತಡವರಿಸಿದ. ಗ್ಲಾಸ್ಗೋದ ಎರಕದ ಕಂಬಗಳ ಬಗ್ಗೆ ಅವನಿಗೆ ಗೊತ್ತಿತ್ತು, ಪೊರಕೆಯ ಬಗ್ಗೆ ಗೊತ್ತಿರಲಿಲ್ಲ.

ಇಸ್ತಾಂಬುಲ್‌ನ ಡೊಲ್ಮಾಬಾಚೆ ಅರಮನೆಯಲ್ಲಿ ನಾಲ್ಕೂವರೆ ಟನ್ನಿನ ದೀಪಗೊಂಚಲು ಇದೆ ಎಂದೆ, ಜಂಬಕ್ಕೆ. "ಅದರ ಧೂಳಾ?" ಎಂದರು. ಸುಲ್ತಾನರೇ ಬಂದರೂ ಉತ್ತರವಿರಲಿಲ್ಲ.

ಭಾನುವಾರ ಸಂಜೆ ದೀಪಾಲಂಕಾರ ನೋಡಲು ಹೋಗುವವರು ಏಳಕ್ಕೆ ಮುಂಚೆಯೇ ಜಾಗ ಹಿಡಿಯಿರಿ. ತಡವಾದರೆ ಕಾಣುವುದು ಮುಂದಿನವರ ಮೊಬೈಲ್ ಮಾತ್ರ.