ಬಂದೂಕು, ತೋಟಾ ಮತ್ತು ನಮ್ಮನೆ ಟಿವಿ

ಮಸ್ಕತ್ ಬಿಟ್ಟು ಕಾಯಂ ಆಗಿ ಊರಿಗೆ ಹೊರಡುವ ಯಾವ ಕನ್ನಡದ ಸಂಸಾರವನ್ನೇ ನೋಡಿ, ಕೊನೆಯ ತಿಂಗಳಲ್ಲಿ ಮನೆಯೊಳಗೆ ಎರಡು ಪಕ್ಷ ಆಗಿರುತ್ತದೆ. ಗಂಡ ಟಿವಿ, ಕಾರು, ಸೋಫಾ ಅಂತಾನೆ. ಹೆಂಡತಿ ಗ್ರೈಂಡರು, ತುಳಸಿ ಕುಂಡ, ಐಸ್‌ಕ್ರೀಂ ಡಬ್ಬಿ ಅಂತಾಳೆ. ಖಾಲಿ ಡಬ್ಬಿ ಸ್ವಾಮಿ, ಐಸ್‌ಕ್ರೀಂ ಎಂದೋ ಹೊಟ್ಟೆಗೆ ಹೋಗಿದೆ. ನಗಬೇಡಿ, ನಿಮ್ಮ ಅಡುಗೆಮನೆಯ ಅಟ್ಟದ ಮೇಲೂ ಇವೆ. ಮಕ್ಕಳು ಪಕ್ಷೇತರರು; ಅವರಿಗೆ ಬೆಕ್ಕು ಬಂದರೆ ಸಾಕು, ಅಪ್ಪ ಬರದಿದ್ದರೂ ನಡೆಯುತ್ತದೆ.

ನಮ್ಮ ಮನೆಯಲ್ಲಿ ನಾನೇ ಆಡಳಿತ ಪಕ್ಷ ಅಂದುಕೊಂಡಿದ್ದೆ. ಕಾರಣ ಇತ್ತು. ನಾವು ಹೊರಟದ್ದು 2019ರಲ್ಲಿ. ಆಗ ಜಾರಿಯಲ್ಲಿದ್ದ 2016ರ ಬ್ಯಾಗೇಜ್ ರೂಲ್ಸನ್ನು ಪ್ರಿಂಟ್ ಹಾಕಿಸಿ, ಹಳದಿ ಹೈಲೈಟರ್‌ನಲ್ಲಿ ಗೆರೆ ಎಳೆದು, ಪ್ಲಾಸ್ಟಿಕ್ ಫೈಲಿಗೆ ಬಣ್ಣಬಣ್ಣದ ಚೀಟಿ ಅಂಟಿಸಿಟ್ಟಿದ್ದೆ. ದಾರ್ಸೈತ್‌ನ ಕೃಷ್ಣ ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ನಿಂತವರನ್ನೂ ಬಿಡದೆ ಪಾಠ ಹೇಳುತ್ತಿದ್ದೆ: “ಎರಡು ವರ್ಷ ಹೊರದೇಶದಲ್ಲಿ ಇದ್ದಿರಬೇಕು. ಆ ಅವಧಿಯಲ್ಲಿ ಊರಿಗೆ ಹೋಗಿಬಂದದ್ದೆಲ್ಲ ಸೇರಿಸಿ ಆರು ತಿಂಗಳು ದಾಟಬಾರದು. ಅಂಥವರಿಗೆ ಟ್ರಾನ್ಸ್‌ಫರ್ ಆಫ್ ರೆಸಿಡೆನ್ಸ್, ಅಂದ್ರೆ ಟಿ.ಆರ್. ಐದು ಲಕ್ಷ ರೂಪಾಯಿವರೆಗಿನ ಮನೆ ಸಾಮಾನಿಗೆ ಸುಂಕ ಇಲ್ಲ!” ಕೇಳಿದವರು ತಲೆ ಆಡಿಸುತ್ತಿದ್ದರು. ಸಾಲು ಮುಂದೆ ಹೋಗಲಿ ಅಂತಿದ್ದಿರಬೇಕು.

ರೂಲ್ಸಿನ ಕೊನೆಗೆ ಮೂರು ಅನುಬಂಧ ಇದ್ದವು. ಅನುಬಂಧ ಒಂದರಲ್ಲಿ ಇದ್ದದ್ದು ಯಾವ ಕಾರಣಕ್ಕೂ ಸುಂಕವಿಲ್ಲದೆ ಬರುವ ಹಾಗಿರಲಿಲ್ಲ. ಅದನ್ನು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದೆ. ಬಂದೂಕು. ಐವತ್ತಕ್ಕಿಂತ ಹೆಚ್ಚು ತೋಟಾ. ನೂರಕ್ಕಿಂತ ಹೆಚ್ಚು ಸಿಗರೇಟು. ಎರಡು ಲೀಟರಿಗಿಂತ ಹೆಚ್ಚು ಮದ್ಯ. ಆಭರಣ ಅಲ್ಲದ ಚಿನ್ನ ಬೆಳ್ಳಿ. “ನೋಡು, ನಮ್ಮ ಹತ್ರ ಇದ್ಯಾವುದೂ ಇಲ್ಲ” ಅಂತ ಬೀಗುವಷ್ಟರಲ್ಲಿ ಆರನೆಯದು ಕಣ್ಣಿಗೆ ಬಿತ್ತು: ಫ್ಲಾಟ್ ಪ್ಯಾನೆಲ್ ಟಿವಿ.

ನನ್ನ ಅರವತ್ತೈದು ಇಂಚಿನ ಟಿವಿ ಬಂದೂಕಿನ ಪಕ್ಕದಲ್ಲಿ ಕೂತಿತ್ತು.

ಎರಡನೇ ಅನುಬಂಧದಲ್ಲಿ ಡಿಶ್ ವಾಷರ್, ಮುನ್ನೂರು ಲೀಟರ್ ಮೀರಿದ ಫ್ರಿಜ್ಜು, 35 ಎಂಎಂ ಸಿನಿಮಾ ರೀಲು. ಮೂರನೆಯದರಲ್ಲಿ ವಾಷಿಂಗ್ ಮೆಷಿನ್, ಕಂಪ್ಯೂಟರ್, ಮತ್ತೆ, ಕೂತು ಕೇಳಿ, ವಿಸಿಆರ್! 2016ರಲ್ಲಿ ಬರೆದ ನಿಯಮದಲ್ಲಿ ವಿಸಿಆರ್‌ಗೆ ಅಷ್ಟು ಮರ್ಯಾದೆ. ಎರಡು ವರ್ಷ ಮೀರಿ ಇದ್ದವರು ಅದನ್ನು ಐದು ಲಕ್ಷದ ಲೆಕ್ಕದೊಳಗೆ ಸುಂಕ ಇಲ್ಲದೆ ತರಬಹುದಿತ್ತು. ನಮ್ಮ ಹತ್ತಿರ ಒಂದಿತ್ತು. “ಇದನ್ನು ಯಾರು ಹೊತ್ಕೊಂಡು ಹೋಗ್ತಾರೆ” ಅಂತ ಅದರ ಹಿಂದಿನ ವಾರವೇ ನಾನು ರೂವಿಯ ಗುಜರಿಯವನಿಗೆ ಪುಕ್ಕಟೆ ಕೊಟ್ಟು, ಮೇಲೆ ಟ್ಯಾಕ್ಸಿ ಬಾಡಿಗೆಯನ್ನೂ ಕೊಟ್ಟು ಬಂದಿದ್ದೆ.

ಕಾರಿನ ಕಥೆ ಚಿಕ್ಕದು, ಬೇಗ ಹೇಳಿ ಮುಗಿಸುತ್ತೇನೆ. ಹೆಚ್ಚು ನೆನೆದರೆ ಸಂಕಟ. ನನ್ನ ಪಜೇರೋದಲ್ಲಿ ಕೂತು, ತೀರ್ಥಹಳ್ಳಿಯ ತುಂಗಾ ಸೇತುವೆ ಮೇಲೆ ಕಿಟಕಿ ಇಳಿಸಿ ನಿಧಾನ ಹೋಗಬೇಕು, ಹೈಸ್ಕೂಲಿನಲ್ಲಿ ನನ್ನನ್ನು ಹಿಂದಿನ ಬೆಂಚಿಗೆ ಕಳಿಸಿದವರೆಲ್ಲ ನೋಡಬೇಕು ಅಂತ ವರ್ಷಗಟ್ಟಲೆ ಕನಸು ಕಂಡಿದ್ದೆ. ನಿಯಮ ಏನು ಹೇಳಿತು? ಹಳೆ ಕಾರು ಭಾರತಕ್ಕೆ ಬರಬೇಕಾದರೆ ಮೂರು ವರ್ಷಕ್ಕಿಂತ ಹಳತಾಗಿರಬಾರದು. ಸ್ಟೀರಿಂಗ್ ಬಲಗಡೆ ಇರಬೇಕು. ಮುಂಬಯಿ ಬಂದರಿನಲ್ಲೇ ಇಳಿಯಬೇಕು. ಇಷ್ಟೆಲ್ಲ ಆದರೂ ಸುಂಕ ಕಾರಿನ ಬೆಲೆಯನ್ನೇ ಮೀರುತ್ತದೆ. ಒಮಾನ್‌ನಲ್ಲಿ ವಾಹನ ಓಡುವುದು ರಸ್ತೆಯ ಬಲಕ್ಕೆ, ಸ್ಟೀರಿಂಗ್ ಇರುವುದು ಎಡಕ್ಕೆ. ನನ್ನದೂ ಎಡಕ್ಕೆ. ವಯಸ್ಸು ಹೇಳುವುದಿಲ್ಲ, ನನ್ನದೂ ಕಾರಿನದೂ.

“ಎಡಕ್ಕಿದ್ರೇನು ಬಲಕ್ಕಿದ್ರೇನು” ಅಂದಳು ಹೆಂಡತಿ, “ಗೂಗಲ್ಲಮ್ಮ ಒಂದು ಕಡೆ ಅಂದ್ರೆ ನೀವು ಇನ್ನೊಂದು ಕಡೆ ಹೋಗೋರೇ.”

ಬರ್ಕಾದಿಂದ ಒಬ್ಬ ಒಮಾನಿ ಹಿರಿಯರು ಕಾರು ನೋಡಲು ಬಂದರು. ನಾನು ಎಂಜಿನ್, ಟೈರು, ಸರ್ವಿಸ್ ಪುಸ್ತಕ ಎಲ್ಲ ವರ್ಣಿಸಿದೆ. ಅವರು ಎ.ಸಿ. ಹಾಕಿಸಿ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತರು. ಆಮೇಲೆ ನಮ್ಮನೆಯ ಫಿಲ್ಟರ್ ಕಾಫಿ ಎರಡು ಲೋಟ ಕುಡಿದು, ಕಾಫಿಯನ್ನು ಬಹಳ ಹೊಗಳಿ, ಕಾರಿಗೆ ನಾನು ಹೇಳಿದ್ದರ ಅರ್ಧ ಬೆಲೆ ಹೇಳಿದರು. ಹೊಗಳಿಕೆಯ ಗುಂಗಿನಲ್ಲಿ ನಾನು ಕೈಕುಲುಕಿಬಿಟ್ಟೆ. ಮುಲ್ಕಿಯಾ, ಅಂದರೆ ಕಾರಿನ ನೋಂದಣಿ ಪತ್ರ, ಅವರ ಹೆಸರಿಗೆ ಆದ ದಿನ ಹೆಂಡತಿ ಲೆಕ್ಕ ಹಾಕಿದಳು: ಆ ಎರಡು ಲೋಟ ಕಾಫಿ ಮಸ್ಕತ್‌ನಲ್ಲೇ ಅತಿ ದುಬಾರಿ ಕಾಫಿ.

ಇನ್ನು ಪ್ಯಾಕಿಂಗ್ ಲಿಸ್ಟು. ಪ್ರತಿ ಪೆಟ್ಟಿಗೆಯಲ್ಲಿ ಏನಿದೆ, ಎಷ್ಟಿದೆ, ಹೊಸದೋ ಹಳೆಯದೋ, ಬೆಲೆ ಎಷ್ಟು, ಎಲ್ಲ ಬರೆಯಬೇಕು. ಹೆಂಡತಿ ಹೇಳುವುದು, ನಾನು ಬರೆಯುವುದು.

“ಶ್ಯಾವಿಗೆ ಒರಳು, ಒಂದು.”

“ಬೆಲೆ?”

“ಅದಕ್ಕೆ ಬೆಲೆ ಕಟ್ಟೋಕಾಗಲ್ಲ. ನಮ್ಮಮ್ಮ ಕೊಟ್ಟಿದ್ದು.”

ಆ ಒರಳಿಗೂ ನನಗೂ ಹಳೇ ದ್ವೇಷ. ಮೊದಲ ಸಲ ಮಸ್ಕತ್ ವಿಮಾನ ನಿಲ್ದಾಣಕ್ಕೆ ಬಂದಿಳಿದಾಗ ಎಕ್ಸ್‌ರೇ ಯಂತ್ರದಲ್ಲಿ ಅದರ ಮೂರು ಕಾಲು, ತಿರುಪು, ತೂತಿನ ಬಿಲ್ಲೆ ಕಂಡು ಕಸ್ಟಮ್ಸಿನವರು ನನ್ನನ್ನು ಪಕ್ಕಕ್ಕೆ ಕರೆದಿದ್ದರು. ಒಮಾನ್‌ನಲ್ಲಿ ಕಸ್ಟಮ್ಸ್ ಇರುವುದು ರಾಯಲ್ ಒಮಾನ್ ಪೊಲೀಸ್ ಕೈಕೆಳಗೆ. ಸಮವಸ್ತ್ರ ನೋಡಿದೊಡನೆ ನನ್ನ ಇಂಗ್ಲಿಷ್ ಹಾರಿಹೋಯಿತು. ಎರಡೂ ಕೈಯಿಂದ ತಿರುಪು ತಿರುಗಿಸುವ ಅಭಿನಯ ಮಾಡಿ, ಬಾಯಿಯಿಂದ “ಸೊಯ್ಯ್” ಅಂತ ಶಬ್ದ ಹೊರಡಿಸಿ, ಶ್ಯಾವಿಗೆ ಇಳಿಯುವುದನ್ನು ತೋರಿಸಿದೆ. ಅಧಿಕಾರಿ ಗಂಭೀರವಾಗಿ ನೋಡಿ ಇನ್ನೊಬ್ಬರನ್ನು ಕರೆದರು. ಅವರಿಗೂ ಮಾಡಿ ತೋರಿಸಿದೆ. ಮೂರನೆಯವರು ಬಂದಾಗ ಅರ್ಥವಾಯಿತು, ಮೊದಲನೆಯವರಿಗೇ ತಿಳಿದಿತ್ತು. ಉಳಿದವರು ಅಭಿನಯ ನೋಡಲು ಬಂದವರು. ಹೆಂಡತಿ ಟ್ರಾಲಿ ಹಿಡಿದು ಬೇರೆಯವರ ಸಂಸಾರದ ಜೊತೆ ನಿಂತುಬಿಟ್ಟಿದ್ದಳು.

ಪುಣ್ಯಕ್ಕೆ ಆ ಸಲ ಗಸಗಸೆ ಇರಲಿಲ್ಲ. ಪಕ್ಕದ ಯುಎಇಯಲ್ಲಿ ಗಸಗಸೆ ನಿಷಿದ್ಧ, ತಂದವರು ಜೈಲು ಕಂಡದ್ದುಂಟು ಅಂತ ಕೇಳಿದ್ದರಿಂದ ಅತ್ತೆಯವರು ಕಟ್ಟಿಕೊಟ್ಟ ಪೊಟ್ಟಣವನ್ನು ನಾನೇ ಬೆಂಗಳೂರಿನಲ್ಲಿ ತೆಗೆದಿಟ್ಟಿದ್ದೆ. ಪಾಯಸ ಇಲ್ಲದ ಆ ವರ್ಷದ ಗೌರಿ ಹಬ್ಬ ಇವತ್ತಿಗೂ ನನ್ನ ಲೆಕ್ಕದಲ್ಲೇ ಇದೆ.

ಲಿಸ್ಟು ಕಾರ್ಗೋದವರ ಕಚೇರಿಗೆ ಹೋಯಿತು. ಅಲ್ಲಿದ್ದ ಕಾಸರಗೋಡಿನ ಹುಡುಗ ಅಚ್ಚ ಕನ್ನಡದಲ್ಲಿ ನನ್ನ ಮಾನ ಕಳೆದ. “ಸಾರ್, ಮದುವೆ ಸೂಟು ಅರವತ್ತು ರಿಯಾಲು ಅಂತ ಬರೆದಿದ್ದೀರಿ. ಈಗ ಹಾಕ್ಲಿಕ್ಕೆ ಆಗ್ತದಾ?” ಹೊಟ್ಟೆ ಒಳಗೆಳೆದು “ಆಗ್ತದೆ” ಅಂದೆ. ಅವನು ನನ್ನ ಹೊಟ್ಟೆ ನೋಡಿ, ಅರವತ್ತನ್ನು ಹೊಡೆದು ಒಂದು ಅಂತ ಮಾಡಿದ. ಕೆಳಗಿನ ಸಾಲಿನಲ್ಲಿ ಐಸ್‌ಕ್ರೀಂ ಡಬ್ಬಿಗಳು. ಅವಕ್ಕೂ ಒಂದು ರಿಯಾಲು. “ಬಳಸಿದ ಸಾಮಾನಲ್ವಾ ಸಾರ್, ಬೆಲೆ ಎಲ್ಲಿರ್ತದೆ?” ಹೆಂಡತಿ ಹಿಂದಿನಿಂದ ಮೆಲ್ಲಗೆ ಸೇರಿಸಿದಳು: “ಡಬ್ಬಿ ಮುಚ್ಚಳ ಇವತ್ತಿಗೂ ಸರಿಯಾಗಿ ಕೂರುತ್ತೆ.”

ಗ್ರೈಂಡರಿಗೆ ಮರದ ಪೆಟ್ಟಿಗೆ ಬೇಕಾಯಿತು. ಮರ ಅಂದರೆ ಮತ್ತೊಂದು ಕಾನೂನು. ಹುಳ ಹುಪ್ಪಟೆ ದೇಶಾಂತರ ಹೋಗಬಾರದೆಂದು ಮರದೊಳಗೆ 56 ಡಿಗ್ರಿ ಬಿಸಿ 30 ನಿಮಿಷ ನಿಲ್ಲುವಂತೆ ಕಾಯಿಸಿ, ಅಂತರರಾಷ್ಟ್ರೀಯ ಮುದ್ರೆ ಒತ್ತಿಸಬೇಕು. ಜೂನ್ ತಿಂಗಳ ಮಸ್ಕತ್‌ನಲ್ಲಿ ನಮ್ಮ ಬಾಲ್ಕನಿಯಲ್ಲಿ ಇಟ್ಟರೆ ಸಾಲದೇ ಅಂತ ಕೇಳಿದೆ. ಹುಡುಗ ನಗಲಿಲ್ಲ. ಮುದ್ರೆಗೆ ದುಡ್ಡು ತಗೊಂಡ.

ತುಳಸಿ ವಿಚಾರದಲ್ಲಿ ಮಾತ್ರ ನಾನು ಗೆದ್ದೆ. ಅಥವಾ 2003ರ ಸಸ್ಯ ಕ್ವಾರಂಟೈನ್ ಆದೇಶ ಗೆದ್ದಿತು ಅನ್ನಿ. ಪರವಾನಗಿ ಇಲ್ಲದೆ ಹೊರದೇಶದ ಮಣ್ಣು ಭಾರತದೊಳಗೆ ಬರುವ ಹಾಗಿಲ್ಲ. “ತುಳಸಿ ನಮ್ಮೂರಿಂದಲೇ ಬಂದದ್ದು, ಮಣ್ಣು ಮಾತ್ರ ಇಲ್ಲಿಯದು” ಅಂತ ಹೆಂಡತಿ ವಾದಿಸಿದಳು. ಫೈಲು ತೆಗೆದು ಓದಿ ತೋರಿಸಿದೆ. ಅವಳು ಸುಮ್ಮನಾದಳು. ಅವಳು ಸುಮ್ಮನಾದರೆ ಏನಾಗುತ್ತದೆ ಅಂತ ಗೃಹಸ್ಥರಿಗೆ ಬಿಡಿಸಿ ಹೇಳಬೇಕಿಲ್ಲ. ಮಾರನೆಯ ದಿನ ಮತ್ರಾ ಸೂಕ್‌ನ ಚಿನ್ನದಂಗಡಿಯಲ್ಲಿ ನಾವಿದ್ದೆವು.

ಅಲ್ಲೂ ಆಗಿನ ನಿಯಮ ಹೇಳಿದವನು ನಾನೇ. ವರ್ಷಕ್ಕೂ ಮೀರಿ ಹೊರಗಿದ್ದು ಮರಳುವ ಗಂಡಸಿಗೆ 20 ಗ್ರಾಂ ಆಭರಣ, ಅದೂ 50 ಸಾವಿರ ರೂಪಾಯಿ ಮೀರದ ಹಾಗೆ. ಹೆಂಗಸಿಗೆ 40 ಗ್ರಾಂ, 1 ಲಕ್ಷದೊಳಗೆ. ಚಿನ್ನದ ರೇಟು ಏರಿದ್ದರಿಂದ 50 ಸಾವಿರಕ್ಕೆ 20 ಗ್ರಾಂ ಬರುವ ಕಾಲ ಎಂದೋ ಮುಗಿದಿತ್ತು. ನಿಯಮ ನನಗೆ ಮಿತಿ ಆಗಿ ಕಂಡರೆ ಅವಳಿಗೆ ಗುರಿಯಾಗಿ ಕಂಡಿತು. “ಸರ್ಕಾರವೇ ಕೊಟ್ಟಿರುವಾಗ ಬಿಡೋದ್ಯಾಕೆ? ನಿಮ್ಮ ಪಾಲಿನದ್ದೂ ಒಂದು ಸರ ತಗೊಳ್ಳೋಣ, ಇಳಿಯೋವರೆಗೆ ನೀವು ಹಾಕ್ಕೊಳ್ಳಿ” ಅಂದಳು. ಹಾಕಿಕೊಂಡೆ. ಮಗಳು ಫೋಟೋ ತೆಗೆದು ‘ಗಲ್ಫ್ ಗೌಡ್ರು’ ಅಂತ ಬಳಗಕ್ಕೆಲ್ಲ ಕಳಿಸಿದಳು. ನಾನು ಗೌಡನೂ ಅಲ್ಲ.

ಈ ಎಲ್ಲ ಗದ್ದಲದಲ್ಲಿ ಒಂದು ಜೀವ ಮಾತ್ರ ನಿಶ್ಚಿಂತೆಯಿಂದ ಇತ್ತು: ಹಲ್ವಾ. ಅಲ್ ಖುವೈರ್‌ನ ನಮ್ಮ ಕಟ್ಟಡದ ಎ.ಸಿ. ನೀರು ತೊಟ್ಟಿಕ್ಕುವಲ್ಲಿ ಮಗಳಿಗೆ ಸಿಕ್ಕಿದ ಬೀದಿ ಬೆಕ್ಕು. ಒಮಾನಿ ಹಲ್ವಾದ ಬಣ್ಣ. ಇದನ್ನು ಅಲ್ಲೇ ಬಿಟ್ಟು ಬರಲು ನಾನು ನಿಯಮ ಹುಡುಕಿದೆ, ಸಿಕ್ಕಿದ್ದು ಕರೆತರುವ ನಿಯಮ. ಟಿ.ಆರ್. ಮೇಲೆ ಬರುವವರು ತಲೆಗೆ ಎರಡು ಸಾಕುಪ್ರಾಣಿ ತರಬಹುದಿತ್ತು. “ನನ್ನ ಲೆಕ್ಕದಲ್ಲಿ ಒಂದು ಜಾಗ ಆಗಲೇ ತುಂಬಿದೆ” ಅಂತ ಹೆಂಡತಿ ನನ್ನ ಕಡೆ ನೋಡಿದಳು.

ಹಲ್ವಾಗೆ ಮೈಕ್ರೋಚಿಪ್ ಹಾಕಿಸಿದೆವು. ಹೊರಡುವುದಕ್ಕೆ ತಿಂಗಳ ಮುಂಚೆಯೇ ರೇಬಿಸ್ ಲಸಿಕೆ, ಫೋಟೋ ಅಂಟಿಸಿದ ಪುಸ್ತಕ, ಒಮಾನ್ ಕೃಷಿ ಸಚಿವಾಲಯದ ಪಶುವೈದ್ಯರ ಆರೋಗ್ಯ ಪತ್ರ, ಬೆಂಗಳೂರಿನ ಪ್ರಾಣಿ ಕ್ವಾರಂಟೈನ್ ಕಚೇರಿಯ ನಿರಾಕ್ಷೇಪಣಾ ಪತ್ರ. ಮಸ್ಕತ್‌ನಿಂದ ಮಂಗಳೂರಿಗೆ ನೇರ ವಿಮಾನ ಇತ್ತು, ಊರಿಗೆ ಹತ್ತಿರ. ಆದರೆ ಬೆಕ್ಕು ಇಳಿಯಬಹುದಾದ ನಿಲ್ದಾಣಗಳ ಪಟ್ಟಿಯಲ್ಲಿ ಮಂಗಳೂರು ಇರಲಿಲ್ಲ. ಬೆಂಗಳೂರು ಇತ್ತು. ಹಾಗಾಗಿ ಬೆಕ್ಕಿನ ಅನುಕೂಲ ನೋಡಿಕೊಂಡು ಇಡೀ ಸಂಸಾರದ ಟಿಕೆಟ್ ಬೆಂಗಳೂರಿಗೆ ಆಯಿತು. ಪಂಜರಕ್ಕೂ ಅಂತರರಾಷ್ಟ್ರೀಯ ನಿಯಮ: ಪ್ರಾಣಿ ಅದರೊಳಗೆ ಎದ್ದು ನಿಲ್ಲಬೇಕು, ತಿರುಗಬೇಕು, ಆರಾಮಾಗಿ ಮಲಗಬೇಕು. ಎಕಾನಮಿ ಸೀಟಿನಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿ ಕೂತ ನಾನು ದಾರಿಯುದ್ದಕ್ಕೂ ಆ ನಿಯಮವನ್ನೇ ನೆನೆಯುತ್ತಿದ್ದೆ.

ಬೆಂಗಳೂರಿನಲ್ಲಿ ಹಲ್ವಾನ ಕಾಗದ ನೋಡಿದ ವೈದ್ಯರು “ಎಲ್ಲ ಪರ್ಫೆಕ್ಟ್” ಅಂದು ಬಿಟ್ಟುಕೊಟ್ಟರು. ನನ್ನ ಕತ್ತಿನ ಸರ ನೋಡಿದವರು ಬಿಲ್ ಕೇಳಿದರು. ಬಿಲ್ ಇದ್ದ ಫೈಲು ಇದ್ದ ಸೂಟ್‌ಕೇಸು ಇನ್ನೂ ಬೆಲ್ಟಿನ ಮೇಲೆ ಸುತ್ತುತ್ತಿತ್ತು. ಬೆಕ್ಕು, ಮಗಳು, ಹೆಂಡತಿ ಹೊರಗೆ ಹೋಗಿ ಕಾಫಿ ಕುಡಿದರು.

ಪೆಟ್ಟಿಗೆಗಳು ಹಡಗಿನಲ್ಲಿ ಹಿಂದೆ ಬಂದವು. ಮನೆ ಕಿಟಕಿಯಿಂದಲೇ ಹಡಗಿಗೆ ಟಾಟಾ ಮಾಡಬಹುದು ಅಂದುಕೊಂಡಿದ್ದೆ. ಆದರೆ ಮತ್ರಾದ ಬಂದರಿನ ವಾಣಿಜ್ಯ ಸರಕೆಲ್ಲ 2014ರಲ್ಲೇ ಇನ್ನೂರು ಕಿಲೋಮೀಟರಿನಷ್ಟು ದೂರದ ಸೊಹಾರ್‌ಗೆ ಹೋಗಿದೆ, ಮತ್ರಾಕ್ಕೆ ಈಗ ಬರುವುದು ಪ್ರವಾಸಿ ಹಡಗುಗಳು. ಅಂತೂ ಸೊಹಾರ್‌ನಿಂದ ಹೊರಟದ್ದು ವೈಟ್‌ಫೀಲ್ಡಿನ ಒಳನಾಡು ಕಂಟೇನರ್ ಡಿಪೋ ಸೇರಿತು. ಇಸ್ತ್ರಿ ಮಾಡಿದ ಅಂಗಿ ಹಾಕಿ, ಫೈಲು ಕಂಕುಳಲ್ಲಿಟ್ಟು ಹೋದೆ. ಹೆಂಡತಿಯೂ ಬಂದಳು, ಸಾಕ್ಷಿಗೆ.

ಅಧಿಕಾರಿ ಒಂದು ಪೆಟ್ಟಿಗೆ ತೆರೆಸಿದರು.

“ಇದರಲ್ಲೇನು?”

“ಡಬ್ಬಿ.”

“ಡಬ್ಬಿಯೊಳಗೆ?”

“ಸಣ್ಣ ಡಬ್ಬಿ.”

“ಅದರೊಳಗೆ?”

“ಮುಚ್ಚಳ” ಅಂದಳು ಹೆಂಡತಿ.

ಅವರು ಮುಚ್ಚಿಸಿಬಿಟ್ಟರು. ನಾನು ಫೈಲು ಬಿಚ್ಚಿ “ಸಾರ್, ನಿಯಮ ಆರರ ಪ್ರಕಾರ...” ಅಂತ ಶುರು ಮಾಡಿದೆ. ಅವರು ಕೈ ಅಡ್ಡ ಹಿಡಿದು ಒಂದೇ ಪ್ರಶ್ನೆ ಕೇಳಿದರು: “ಟಿವಿ ಎಷ್ಟು ಇಂಚು?”

“ಅರವತ್ತೈದು!” ಅಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನನ್ನ ಟಿವಿ ಬಗ್ಗೆ ಇಷ್ಟು ಆಸಕ್ತಿಯಿಂದ ಯಾರೂ ಕೇಳಿರಲಿಲ್ಲ. “ಫೋರ್ ಕೆ ಸಾರ್. ಸ್ಮಾರ್ಟು. ಎಚ್‌ಡಿಆರ್. ಒಳ್ಳೆ ಕಂಡೀಷನ್ನು, ಹೊಸದರ ಹಾಗೇ ಇಟ್ಟಿದೀನಿ.” ಹೆಂಡತಿ ಚಿವುಟಿದಳು. “ಸೌಂಡು ಕೂಡ...” ಮತ್ತೆ ಚಿವುಟಿದಳು. ಒಂದೊಂದು ವಿಶೇಷಣಕ್ಕೂ ಅವರ ಪೆನ್ನು ಬೆಲೆಯ ಕಾಲಮ್ಮಿನ ಹತ್ತಿರ ಹೋಗುತ್ತಿತ್ತು. ಆಗಿನ ಸುಂಕ ಶೇ. 35. ಆ ಸುಂಕದ ಮೇಲೆ ಹತ್ತು ಪರ್ಸೆಂಟ್ ಸಮಾಜ ಕಲ್ಯಾಣ ಸರ್ಚಾರ್ಜು. ಒಟ್ಟು ಶೇ. 38.5. ಮದುವೆಯ ಸೂಟು, ಸೋಫಾ, ನನ್ನ ಪುಸ್ತಕ, ನನ್ನ ಕಪ್ಪು, ಮೆಡಲ್ಲು, ಯಾವುದಕ್ಕೂ ಅವರು ಒಂದು ಪೈಸೆ ಕೇಳಲಿಲ್ಲ. ಕೇಳಿದ್ದರೆ ಸ್ವಲ್ಪ ಸಮಾಧಾನ ಆಗುತ್ತಿತ್ತು.

ಟಿವಿ ಗೋಡೆ ಏರಿದ ಸಂಜೆ ಷಡ್ಡಕ ಬಂದ. ಒಂದು ಸುತ್ತು ನೋಡಿದ. “ಇದೇ ಮಾಡೆಲ್ಲು ಜಯನಗರದಲ್ಲಿ ಆಫರ್ ಇದೆ ಭಾವ. ನೀವು ಕೊಟ್ಟಿದ್ದಕ್ಕಿಂತ ಕಡಿಮೆ. ಸ್ಟ್ಯಾಂಡು ಫ್ರೀ.” ಟಿವಿ ಆನ್ ಮಾಡಿದರೆ ಮೆನು ಅರಬ್ಬಿಯಲ್ಲಿ ಬಂತು. ಹೇಗೆ ಬದಲಿಸಬೇಕೆಂಬ ಸೂಚನೆಯೂ ಅರಬ್ಬಿಯಲ್ಲೇ ಇತ್ತು. ಇಷ್ಟು ವರ್ಷ ಮಸ್ಕತ್‌ನಲ್ಲಿದ್ದು ನಾನು ಕಲಿತ ಅರಬ್ಬಿ “ಮಾಫಿ ಮುಷ್ಕಿಲ್”ಗೆ, ಅಂದರೆ ‘ತೊಂದರೆ ಇಲ್ಲ’ ಅನ್ನುವುದಕ್ಕೆ, ನಿಂತಿತ್ತು. ಅದನ್ನೇ ಷಡ್ಡಕನಿಗೆ ಹೇಳಿದೆ.

ಅಷ್ಟರಲ್ಲಿ ದೋಹಾದಿಂದ ಹೆಂಡತಿಯ ಚಿಕ್ಕಪ್ಪನ ಮಗನ ಫೋನು. ಅವರೂ ಗಂಟುಮೂಟೆ ಕಟ್ಟಿ ಬರುತ್ತಾರಂತೆ. “ಭಾವನಿಗೆ ರೂಲ್ಸೆಲ್ಲ ಬಾಯಿಪಾಠ ಅಂತಲ್ಲ, ಸ್ವಲ್ಪ ಕೇಳಿ ಹೇಳೇ ಅಕ್ಕ” ಅಂತ ಸ್ಪೀಕರಿನಲ್ಲಿ ಕೇಳಿಸಿತು. ಷಡ್ಡಕನ ಕಡೆ ಒಂದು ನೋಟ ಬೀರಿ, ಫೈಲು ತರಿಸಿ, ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು ಫೋನು ತಗೊಂಡೆ.

“ಮೊದಲು ಇದು ಹೇಳಪ್ಪ, ನಿಮ್ಮ ಟಿವಿ ಎಷ್ಟು ಇಂಚು?”