ಕೆಜಿಎಫ್ ಸಂಸಾರಗಳ ಉಷ್ಣವಲಯ ನೌಕಾವಿಹಾರ: ಲಕ್ಷಣ, ಚರಿತ್ರೆ ಮತ್ತು ಪ್ರಯೋಗ

೧. ಲಕ್ಷಣ

ಕಡಲಿಲ್ಲದ ಊರಿನ ಒಂದು ಸಂಸಾರ, ಮೂರು ತಲೆಮಾರಿಗೆ ಕಡಿಮೆಯಿಲ್ಲದಂತೆ ಕೂಡಿಕೊಂಡು, ಎಲ್ಲಿಗೂ ತಲುಪುವ ಉದ್ದೇಶವಿಲ್ಲದೆ ಹಡಗು ಹತ್ತಿ, ಹತ್ತಿದ ಬಂದರಿನಲ್ಲೇ ಬಂದು ಇಳಿಯುವುದಕ್ಕೆ ಸಂಸಾರ ನೌಕಾವಿಹಾರ ಎಂದು ಹೆಸರು. ಆಡುಮಾತಿನಲ್ಲಿ ಇದು ಕ್ರೂಸ್. ಗಂಡ ಹೆಂಡತಿ ಇಬ್ಬರೇ ಹೋದರೆ ಹನಿಮೂನ್ ಎನ್ನಿಸಿಕೊಳ್ಳುತ್ತದೆ. ಸಂಬಳಕ್ಕೆ ಹೋದರೆ ನೌಕರಿ. ಟಿಕೆಟ್ಟಿನಲ್ಲಿ ಊಟ ಸೇರಿರದಿದ್ದರೆ ಅದು ಬರೀ ದೋಣಿ.

ಈ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷವಿದೆ ಎಂಬುದು ಪೂರ್ವಪಕ್ಷ. ಹೊರಟಲ್ಲಿಗೇ ಮರಳುವುದು ಕ್ರೂಸ್ ಆಗುವುದಾದರೆ, ಬೆಳಗಿನ ಜಾವ ಕೆಜಿಎಫ್‌ನ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಅದೇ ಪ್ಲಾಟ್‌ಫಾರಂಗೆ ಬಂದಿಳಿಯುವ ಸಾವಿರಾರು ಮಂದಿಯೂ ನೌಕಾವಿಹಾರಿಗಳೇ ಆಗಬೇಕಾಗುತ್ತದೆ. ಸಮಾಧಾನ ಸುಲಭ: ಕ್ರೂಸ್‌ನಲ್ಲಿ ಕೂರಲು ಜಾಗ ಸಿಗುತ್ತದೆ.

೨. ದೇಶ

ಉಷ್ಣವಲಯವೆಂದರೆ ಭೂಮಧ್ಯರೇಖೆಯ ಎರಡೂ ಬದಿ ಇಪ್ಪತ್ತಮೂರೂವರೆ ಡಿಗ್ರಿಯೊಳಗಿನ ನೆಲ ಮತ್ತು ನೀರು. ಕೆಜಿಎಫ್‌ನ, ಅಂದರೆ ಕೋಲಾರ ಚಿನ್ನದ ಗಣಿ ಊರಿನ, ರಾಬರ್ಟ್‌ಸನ್‌ಪೇಟೆ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಡಗು ಹೊರಡುವ ಚೆನ್ನೈ ಬಂದರೂ ಹೆಚ್ಚುಕಡಿಮೆ ಅದೇ ಗೆರೆಯ ಮೇಲಿದೆ. ಯೂರೋಪಿನವರು ಚಳಿಗಾಲದಲ್ಲಿ ಲಕ್ಷಗಟ್ಟಲೆ ಸುರಿದು ಹುಡುಕಿಕೊಂಡು ಹೋಗುವ ಬಿಸಿಲನ್ನು ಕೋಲಾರ ಜಿಲ್ಲೆಯವರು ಹುಟ್ಟಿನಿಂದಲೇ ತಲೆಯ ಮೇಲೆ ಹೊತ್ತಿದ್ದಾರೆ. ಆದ್ದರಿಂದ ಇಲ್ಲಿನ ಸಂಸಾರಕ್ಕೆ ಉಷ್ಣವಲಯ ಗಮ್ಯವಲ್ಲ, ವಿಳಾಸ. ಹೊಸದಾಗಿ ಸೇರುವುದು ನೀರು ಮಾತ್ರ.

ನೀರಿನ ಸಂಬಂಧವೂ ಪೂರ್ತಿ ಹೊಸದಲ್ಲ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲುದಾರಿಯಲ್ಲಿ ಕೋರಮಂಡಲ ಎಂಬ ನಿಲ್ದಾಣವಿದೆ. ಕೋರಮಂಡಲ ಕರಾವಳಿಗೆ ಇಲ್ಲಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರವಿದ್ದರೂ ನಿಲ್ದಾಣ ನಿಶ್ಚಿಂತೆಯಿಂದ ಇದೆ. ಊರಿಗೆ ಕುಡಿಯುವ ನೀರು ಕೊಟ್ಟ ಬೇತಮಂಗಲದ ಕೆರೆ ಪಾಲಾರ್ ನದಿಯದು. ಪಾಲಾರ್ ಹೋಗಿ ಸೇರುವುದು ಬಂಗಾಳಕೊಲ್ಲಿಯನ್ನು. ನದಿ ಪ್ರತಿ ವರ್ಷ ಕಡಲಿಗೆ ಹೊರಡುತ್ತದೆ, ಆದರೆ ರಜೆ ಮಂಜೂರಾಗುವುದು ಮಳೆ ಹೆಚ್ಚಾದ ವರ್ಷಗಳಲ್ಲಿ ಮಾತ್ರ.

ಊರಿನ ಎತ್ತರ ಸಮುದ್ರಮಟ್ಟದಿಂದ ಸುಮಾರು 850 ಮೀಟರ್. ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3.2 ಕಿಲೋಮೀಟರ್. ಕಳೆದು ನೋಡಿದರೆ, ಗಣಿಯ ತಳದಲ್ಲಿ ಕೆಲಸ ಮಾಡಿದವನು ಸಮುದ್ರಮಟ್ಟಕ್ಕಿಂತ ಎರಡೂಕಾಲು ಕಿಲೋಮೀಟರಿಗೂ ಕೆಳಗಿದ್ದ. ಬಂಗಾಳಕೊಲ್ಲಿಯ ಸರಾಸರಿ ಆಳ ಸುಮಾರು 2.6 ಕಿಲೋಮೀಟರ್. ಅಂದರೆ ಹೆಚ್ಚುಕಡಿಮೆ ಕೊಲ್ಲಿಯ ತಳದ ಸಮಕ್ಕೆ ದಿನವೂ ಹೋಗಿಬಂದವರ ಮೊಮ್ಮಕ್ಕಳು ಈಗ ದುಡ್ಡು ಕೊಟ್ಟು ಅದರ ಮೇಲ್ಮೈಯನ್ನು ನೋಡಲು ಹೋಗುತ್ತಾರೆ. ಈ ಶಾಸ್ತ್ರದ ಮೂಲ ಪ್ರಮೇಯ ಇದೇ.

೩. ಚರಿತ್ರೆ

ಕೆಜಿಎಫ್‌ನ ಮೊದಲ ನೌಕಾವಿಹಾರಿ ಮನುಷ್ಯನಲ್ಲ, ಚಿನ್ನ. ಮೈಕೇಲ್ ಲ್ಯಾವೆಲ್ ಎಂಬ ನಿವೃತ್ತ ಸೈನಿಕ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಇಲ್ಲಿ ಗಣಿ ಹುಡುಕುವ ಪರವಾನಗಿ ಪಡೆದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟಿತು. ಅಲ್ಲಿಂದ ಗಟ್ಟಿಗಳು ಕಾವಲಿನೊಂದಿಗೆ ರೈಲೇರಿ, ಹಡಗೇರಿ ಇಂಗ್ಲೆಂಡಿಗೆ ಹೊರಟವು. ಹೊರಟಲ್ಲಿಗೇ ಮರಳಬೇಕೆಂಬ ಲಕ್ಷಣವನ್ನು ಅವು ಪಾಲಿಸಲಿಲ್ಲವಾದ್ದರಿಂದ ಶಾಸ್ತ್ರಕಾರರು ಅದನ್ನು ವಿಹಾರವೆನ್ನದೆ ವಲಸೆ ಎನ್ನುತ್ತಾರೆ. ಸುಮಾರು 120 ವರ್ಷಗಳಲ್ಲಿ ಈ ನೆಲದಿಂದ ಮೇಲೆ ಬಂದ ಚಿನ್ನ 800 ಟನ್ನಿನಷ್ಟು.

ಎರಡನೇ ವರ್ಗದವರು ಗಣಿಯ ದೊರೆಗಳು. ಇವರು ರಜೆಗೆ ಹಡಗಿನಲ್ಲಿ ಊರಿಗೆ ಹೋಗಿ, ರಜೆ ಮುಗಿದ ಮೇಲೆ ಮರಳುತ್ತಿದ್ದರು. ಕಾಲವೂ ಕೂಡಿಬಂದಿತ್ತು. ಕೇವಲ ವಿಹಾರಕ್ಕೆಂದೇ ಕಟ್ಟಿದ ಮೊದಲ ಹಡಗೆಂದು ಹೆಸರಾದ ಜರ್ಮನಿಯ ‘ಪ್ರಿನ್ಜೆಸಿನ್ ವಿಕ್ಟೋರಿಯಾ ಲೂಯಿಸೆ’ ನೀರಿಗಿಳಿದದ್ದು 1900ರಲ್ಲಿ. ಶಿವನಸಮುದ್ರದಿಂದ ಸುಮಾರು 148 ಕಿಲೋಮೀಟರ್ ತಂತಿ ಎಳೆದು ಕೆಜಿಎಫ್‌ಗೆ ವಿದ್ಯುತ್ ತಂದದ್ದು 1902ರಲ್ಲಿ. ಅಲ್ಲಿ ಶ್ರೀಮಂತರು ಸಮುದ್ರದ ಮೇಲೆ ದೀಪ ಹಚ್ಚಿಕೊಂಡು ತೇಲಿದರು, ಇಲ್ಲಿ ಕೂಲಿಗಳು ದೀಪ ಹಿಡಿದು ಸಮುದ್ರಮಟ್ಟದ ಕಡೆಗೆ ಇಳಿದರು.

ಕೂಲಿಯಲ್ಲದವರು ತಾವಾಗಿಯೇ ಆಳಕ್ಕೆ ಇಳಿದ ಉದಾಹರಣೆಯೂ ಇದೆ. 1960ರ ದಶಕದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡಿನವರ ಜೊತೆ ಸೇರಿ ಉಪಕರಣಗಳನ್ನು ಗಣಿಯ ಆಳದಲ್ಲಿಟ್ಟು, 1965ರಲ್ಲಿ ವಾತಾವರಣದಿಂದ ಬರುವ ನ್ಯೂಟ್ರಿನೋಗಳನ್ನು ಗುರುತಿಸಿದರು. ಎಲ್ಲಿಯೂ ಇಳಿಯದೆ ಭೂಮಿಯನ್ನೇ ತೂರಿಕೊಂಡು ಹೋಗುವ ನ್ಯೂಟ್ರಿನೋಗೂ ಕ್ರೂಸ್ ಲಕ್ಷಣ ಅನ್ವಯಿಸುವುದಿಲ್ಲ.

2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಪಾಳಿಗೆ ಇಳಿಯುತ್ತಿದ್ದ ಮನೆಗಳ ಮಕ್ಕಳು ರೈಲು ಹತ್ತಿ ಬೆಂಗಳೂರಿನ ಪಾಳಿಗೆ ಸೇರಿದರು. ಅವರ ಸಂಬಳದ ಜೊತೆಗೆ ರಜೆ, ರಜೆಯ ಜೊತೆಗೆ ಮೊಬೈಲು, ಮೊಬೈಲಿನ ಜೊತೆಗೆ ಕ್ರೂಸ್ ಜಾಹೀರಾತು ಮನೆಗೆ ಬಂದವು. 2021ರಲ್ಲಿ ಮುಂಬೈಯಿಂದ ಆರಂಭವಾದ ಕಾರ್ಡೀಲಿಯಾ ಕ್ರೂಸಸ್‌ನ ಹಡಗು 2022ರ ಜೂನ್‌ನಲ್ಲಿ ಚೆನ್ನೈಗೂ ಬಂತು, 2023ರಲ್ಲಿ ಅಲ್ಲಿಂದ ಶ್ರೀಲಂಕಾಕ್ಕೂ ಹೊರಟಿತು. ಮುಂಗಾರಿನಲ್ಲಿ ಅರಬ್ಬಿ ಸಮುದ್ರ ಕೆರಳುವುದರಿಂದ ಹಡಗು ಆ ತಿಂಗಳುಗಳಲ್ಲಿ ಪೂರ್ವ ಕರಾವಳಿಗೆ ಬರುತ್ತದೆ. ಹೀಗೆ ಮಳೆಯೇ ಹಡಗನ್ನು ಬಂಗಾರಪೇಟೆಯಿಂದ ಒಂದೇ ರೈಲಿನ ದೂರಕ್ಕೆ ತಂದು ನಿಲ್ಲಿಸಿತು.

ಅದೇ 2022ರಲ್ಲಿ ತೆರೆಕಂಡ ‘ಕೆಜಿಎಫ್: ಚಾಪ್ಟರ್ 2’ ಚಿತ್ರದ ನಾಯಕ ಚಿನ್ನ ತುಂಬಿದ ಹಡಗಿನೊಂದಿಗೆ ಕಡಲಲ್ಲಿ ಮುಳುಗುತ್ತಾನೆ. ಇದನ್ನು ಈ ಪ್ರಬಂಧದಲ್ಲಿ ಪರಿಗಣಿಸಿಲ್ಲ, ಆತ ಸಂಸಾರ ಕರೆತಂದಿರಲಿಲ್ಲ. ಆದರೂ ಹಡಗಿನಲ್ಲಿ ಊರು ಯಾವುದೆಂದು ಕೇಳಿದವರಿಗೆ ‘ಕೆಜಿಎಫ್’ ಎಂದು ಹೇಳಿದ ಮೇಲೆ, ಬಫೆ ಸಾಲಿನಲ್ಲಿ ಜನ ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಡುವುದು ಚಿತ್ರದ ಪ್ರಭಾವವೆಂದೇ ತಿಳಿಯಬೇಕು.

೪. ದ್ರವ್ಯಸಂಗ್ರಹ

ಹಡಗಿಗೆ ಬೇಕಾದ ದ್ರವ್ಯ ಎರಡು ಬಗೆ: ಹಣ ಮತ್ತು ಸಾಮಾನು.

ಹಣದ ಮೂಲಗಳು ಬೋನಸ್, ಚೀಟಿ ಮತ್ತು ಸರ. ಬೋನಸ್ ಸಾಲದು, ಚೀಟಿ ಇನ್ನೂ ಎದ್ದಿರುವುದಿಲ್ಲ. ಉಳಿಯುವುದು ಸೊಸೆಯ ಎರಡೆಳೆ ಸರ. ಅದು ಬೀರುವಿನಿಂದ ರಾಬರ್ಟ್‌ಸನ್‌ಪೇಟೆಯ ಗಿರವಿ ಅಂಗಡಿಗೆ ಹೋಗಿ ತೂಕವಾಗುತ್ತದೆ. ಈ ಊರಿನ ಚಿನ್ನ ಹಿಂದೆ ತಾನೇ ಹಡಗು ಹತ್ತುತ್ತಿತ್ತು. ಈಗ ತಾನು ದಡದಲ್ಲಿ ಉಳಿದು ಮನೆಯವರನ್ನು ಹತ್ತಿಸುತ್ತದೆ. ಇದನ್ನು ಪ್ರಗತಿ ಎನ್ನಬಹುದು.

ಸಾಮಾನುಗಳಲ್ಲಿ ಹಡಗಿನವರು ಬೇಡವೆನ್ನುವವು ಮತ್ತು ಸಂಸಾರದವರು ಬಿಡಲಾರೆವೆನ್ನುವವು ಬಹುಮಟ್ಟಿಗೆ ಒಂದೇ. ಇಸ್ತ್ರಿ ಪೆಟ್ಟಿಗೆ ಮತ್ತು ನೀರು ಕಾಯಿಸುವ ಕಾಯಿಲ್ ಬೆಂಕಿಯ ಭಯದಿಂದ ನಿಷಿದ್ಧ. ಹೊರಗಿನ ಊಟವೂ ಸಾಮಾನ್ಯವಾಗಿ ನಿಷಿದ್ಧ. ಆದರೆ ನಿಪ್ಪಟ್ಟು, ಚಕ್ಕುಲಿ ಮತ್ತು ಪುಳಿಯೋಗರೆ ಗೊಜ್ಜು ಊಟವಲ್ಲ, ಔಷಧ ಎಂಬುದು ಅಜ್ಜಿಯರ ಪಂಥ. ತಪಾಸಣೆಯಲ್ಲಿ ಒಂದು ವ್ಯತ್ಯಾಸ ಗಮನಾರ್ಹ. ಗಣಿಯಲ್ಲಿ ಕಾರ್ಮಿಕನ ಮೈ ತಡವುತ್ತಿದ್ದದ್ದು ಹೊರಗೆ ಬರುವಾಗ, ಏನಾದರೂ ಒಯ್ಯುತ್ತಿದ್ದಾನೆಯೇ ಎಂದು. ಹಡಗಿನಲ್ಲಿ ಒಳಗೆ ಹೋಗುವಾಗ, ಏನಾದರೂ ತರುತ್ತಿದ್ದಾನೆಯೇ ಎಂದು. ನಿವೃತ್ತ ಗಣಿ ಕಾರ್ಮಿಕರು ಇಲ್ಲೂ ಕೇಳುವ ಮೊದಲೇ ಕೈ ಎತ್ತಿ ನಿಲ್ಲುತ್ತಾರೆ.

೫. ನೌಕಾಂಗ

ಹಡಗಿನ ರಚನೆ ಗಣಿಯ ರಚನೆಯನ್ನೇ ತಲೆಕೆಳಗು ಮಾಡಿದಂತಿದೆ. ಗಣಿಯಲ್ಲಿ ಕೇಜು, ಹಡಗಿನಲ್ಲಿ ಲಿಫ್ಟು. ಅಲ್ಲಿ ಹಾಜರಿ ಟೋಕನ್, ಇಲ್ಲಿ ಕ್ಯಾಬಿನ್ ಕಾರ್ಡು. ಅಲ್ಲಿ ಇಳಿದಂತೆಲ್ಲ ಶಾಖ ಏರಿ, ಆಳದ ಬಂಡೆ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಇಲ್ಲಿ ಏರಿದಂತೆಲ್ಲ ದರ ಏರುತ್ತದೆ. ಎರಡೂ ಕಡೆ ದೊರೆಗಳಿಗೆ ಬೇರೆ ಊಟದ ಮನೆ.

ಅತಿ ಅಗ್ಗದ ಕ್ಯಾಬಿನ್ನಿಗೆ ಕಿಟಕಿ ಇರುವುದಿಲ್ಲ. ಒಂದು ಹಾಸಿಗೆಯ ಮೇಲೆ ಇನ್ನೊಂದು ಗೋಡೆಯಿಂದ ಇಳಿದು ಬರುತ್ತದೆ. ನಾಲ್ವರು ಒಳಗಿದ್ದಾಗ ಒಬ್ಬರು ಅಂಗಿ ಹಾಕಿಕೊಳ್ಳಬೇಕಾದರೆ ಮಿಕ್ಕ ಮೂವರು ಮಲಗಬೇಕು. ಬಾಗಿಲು ತೆರೆದ ಅಜ್ಜಿಯರ ಬಾಯಿಂದ ಬರುವ ಮೊದಲ ಮಾತು ಹೆಚ್ಚಾಗಿ ಇದು: “ಇಷ್ಟ್ ದುಡ್ ಕೊಟ್ಟು ಲೈನ್ ಮನೇಗೇ ವಾಪಸ್ ಬಂದಂಗಾಯ್ತಲ್ಲಪ್ಪ!” ಕೂಲಿ ಲೈನಿನ ಒಂಟಿ ಕೋಣೆಯಲ್ಲಿ ಮಕ್ಕಳನ್ನು ಹೆತ್ತು ಬೆಳೆಸಿದವರು ಮೊದಲ ಗಂಟೆಯಲ್ಲೇ ಬಾತ್‌ರೂಮಿನ ಬಾಗಿಲಿಂದ ಬಾಗಿಲಿಗೆ ಹಗ್ಗ ಕಟ್ಟಿ, ಟವೆಲ್ ಒಣಹಾಕಿ, ಜಾಗ ಉಳಿಸಿ, ಸಂಸಾರವನ್ನು ನೆಲೆಗೊಳಿಸುತ್ತಾರೆ.

ಹೊರಡುವ ಹೊತ್ತಿಗೆ ಸುರಕ್ಷತೆಯ ಕವಾಯತು ನಡೆಯುತ್ತದೆ. ಏಳು ಚಿಕ್ಕ ಕೂಗು, ಒಂದು ಉದ್ದ ಕೂಗು: ಇದು ಎಲ್ಲರೂ ಗೊತ್ತಾದ ಜಾಗದಲ್ಲಿ ಸೇರಬೇಕೆಂಬ ಸೂಚನೆ. ಉಳಿದ ಪ್ರಯಾಣಿಕರು ಸೆಲ್ಫಿ ತೆಗೆಯುತ್ತಿರುವಾಗ ಗಣಿಯಲ್ಲಿ ದುಡಿದ ತಾತ ತಮ್ಮ ನಂಬರಿನ ಕೆಳಗೆ ನೆಟ್ಟಗೆ ನಿಂತಿರುತ್ತಾರೆ. ಅಜ್ಜಿ ಮಾತ್ರ ಬರುವುದಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಸೈರನ್ ಕೂಗಿದರೆ ಶಾಫ್ಟಿನ ಬಾಯಿಗೆ ಓಡಿ, ಮೇಲೆ ಬರುವ ಒಂದೊಂದು ಮುಖವನ್ನೂ ನೋಡುತ್ತ ನಿಲ್ಲುವುದು ಗಣಿ ಊರಿನ ಹೆಂಗಸರ ರೂಢಿಯಾಗಿತ್ತು. ಆದ್ದರಿಂದ ಅವರು ಲಿಫ್ಟಿನ ಬಾಗಿಲಲ್ಲಿ ಸಿಗುತ್ತಾರೆ. ತಾತನನ್ನು ಕಣ್ಣಾರೆ ಕಂಡ ಮೇಲೆಯೇ ಅವರಿಗೆ ಲೈಫ್ ಜಾಕೆಟ್ ತೊಡಿಸಲು ಸಾಧ್ಯ.

೬. ಆಹಾರ

ಬಫೆಯಲ್ಲಿ ಹತ್ತಾರು ಬಗೆಯಿದ್ದು ಮುದ್ದೆ ಇರುವುದಿಲ್ಲ. ಕೋಲಾರದ ಹೊಟ್ಟೆಗೆ ಇದು ತಾಂತ್ರಿಕ ಲೋಪ. ಮೊದಲ ದಿನ ಎಲ್ಲರೂ ಎಲ್ಲವನ್ನೂ ತಿನ್ನುತ್ತಾರೆ, ಎರಡನೇ ದಿನ ಟಿಕೆಟ್ಟಿನ ದರವನ್ನು ಊಟದ ಸಂಖ್ಯೆಯಿಂದ ಭಾಗಿಸಿಕೊಂಡು ತಿನ್ನುತ್ತಾರೆ, ಮೂರನೇ ದಿನ ಮೊಸರನ್ನ ಹುಡುಕುತ್ತಾರೆ. ಚಾಟ್ ಕೌಂಟರ್ ವಿಶೇಷ ವಿವಾದದ ಸ್ಥಳ. ಬಂಗಾರಪೇಟೆಯ ಪಾನಿಪುರಿಯ ಪಾನಿ ಕುಡಿಯುವ ನೀರಿನಷ್ಟು ತಿಳಿಯಾಗಿದ್ದು, ಖಾರ ಮಾತ್ರ ನಾಲಗೆಯ ಮೇಲೆ ಬಿದ್ದ ಮೇಲೆ ತಿಳಿಯುತ್ತದೆ. ಹಡಗಿನ ಹಸಿರು ಪಾನಿಯನ್ನು ಕಂಡ ಬಂಗಾರಪೇಟೆಯ ಮಗು “ಇದು ಕೆಟ್ಟೋಗಿದೆ” ಎಂದು ಘೋಷಿಸಿದರೆ ಅದನ್ನು ಅಸಭ್ಯತೆಯೆಂದು ಎಣಿಸದೆ ಪಾಠಾಂತರವೆಂದು ಎಣಿಸಬೇಕು.

೭. ಬಾಧೆ

ಮುಖ್ಯ ಬಾಧೆ ತಲೆಸುತ್ತು ಮತ್ತು ವಾಂತಿ. ಕಾರಣ ಹೀಗಿದೆ: ದೇಹ ಓಲಾಡುತ್ತಿದೆ ಎಂದು ಒಳಕಿವಿ ವರದಿ ಮಾಡುತ್ತದೆ, ಗೋಡೆಯನ್ನು ನೋಡುತ್ತಿರುವ ಕಣ್ಣು ಏನೂ ಅಲ್ಲಾಡುತ್ತಿಲ್ಲ ಎನ್ನುತ್ತದೆ. ಇಬ್ಬರ ತಕರಾರಿನಲ್ಲಿ ಹೊಟ್ಟೆ ರಾಜೀನಾಮೆ ಕೊಡುತ್ತದೆ. ದಿಗಂತವನ್ನು ದಿಟ್ಟಿಸುವುದು, ಶುಂಠಿ, ವೈದ್ಯರು ಹೇಳಿದ ಮಾತ್ರೆ ಮತ್ತು ಘಾಟಿ ಬಸ್ಸಿನ ಕಾಲದಿಂದ ಬಂದ ನಿಂಬೆಹಣ್ಣು ಪರಿಹಾರಗಳು. ಹಡಗಿನ ನಡುಭಾಗ ಮತ್ತು ಕೆಳ ಡೆಕ್ಕುಗಳಲ್ಲಿ ಓಲಾಟ ಕಡಿಮೆ. ಅಂದರೆ ಅಗ್ಗದ ಕ್ಯಾಬಿನ್ನಿನವರು ನಿದ್ದೆ ಮಾಡುವಾಗ ಬಾಲ್ಕನಿ ಕೊಂಡವರು ಬಾಲ್ಕನಿಯನ್ನು ಹಿಡಿದುಕೊಂಡಿರುತ್ತಾರೆ. ವರ್ಗಸಂಘರ್ಷದ ಇತಿಹಾಸದಲ್ಲಿ ಇಂಥ ನ್ಯಾಯ ಅಪರೂಪ.

ತಾತನಿಗೆ ಈ ಬಾಧೆ ತಟ್ಟುವುದಿಲ್ಲ. ಆಳದ ಬಂಡೆ ಒತ್ತಡ ತಾಳದೆ ಸಿಡಿಯುವ ರಾಕ್‌ಬರ್ಸ್ಟ್ ಆದಾಗ ಮೇಲಿನ ಊರಿನ ಮನೆಗಳಲ್ಲೂ ಪಾತ್ರೆ ಅದುರುತ್ತಿದ್ದವು. ಆಗ ಕೆಳಗಿದ್ದವರಿಗೆ ಅಲೆ ಎಂಬುದು ಮುನ್ಸೂಚನೆ ಕೊಟ್ಟು ಬರುವ ಸೌಮ್ಯ ಚಲನೆ. ಅವರ ಬಾಧೆ ಬೇರೆ. ಗಣಿಯ ಧೂಳು ಕೂತ ಎದೆ ಮೆಟ್ಟಿಲು ಹತ್ತುವಾಗ ಸಿಳ್ಳೆ ಹಾಕುತ್ತದೆ. ಡೆಕ್ಕಿನ ಕುರ್ಚಿಯಲ್ಲಿ ಕೂತು ಅವರು ಎಳೆದುಕೊಳ್ಳುವ ಗಾಳಿಯೇ ಈ ಪ್ಯಾಕೇಜಿನಲ್ಲಿ ನಿಜಕ್ಕೂ ದುಡ್ಡಿಗೆ ತಕ್ಕದ್ದು. ಅದಕ್ಕೆ ಬೇರೆ ಬಿಲ್ ಹಾಕುವುದಿಲ್ಲ.

೮. ದ್ವೀಪದರ್ಶನ

ಮುಂಬೈ ಅಥವಾ ಕೊಚ್ಚಿಯಿಂದ ಹೊರಡುವ ಸಂಸಾರಗಳಿಗೆ ಲಕ್ಷದ್ವೀಪ, ಚೆನ್ನೈಯಿಂದ ಹೊರಡುವವರಿಗೆ ಶ್ರೀಲಂಕಾದ ಹಂಬನ್‌ತೋಟ, ತ್ರಿಕೋನಮಲೆ ಮುಂತಾದ ಬಂದರುಗಳು. ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಬೇಕು, ಶ್ರೀಲಂಕಾಕ್ಕೆ ಪಾಸ್‌ಪೋರ್ಟ್. ಹವಳದ ದ್ವೀಪಗಳ ಬಳಿ ನೀರು ಆಳವಿಲ್ಲದ್ದರಿಂದ ದೊಡ್ಡ ಹಡಗು ದೂರದಲ್ಲೇ ನಿಲ್ಲುತ್ತದೆ, ಜನ ಚಿಕ್ಕ ದೋಣಿಗೆ ಇಳಿಯಬೇಕು. ಅಲೆ ದೋಣಿಯನ್ನು ಎತ್ತಿ ಇಳಿಸುತ್ತಿರುತ್ತದೆ. ನಾವಿಕ ಕೈ ಚಾಚುತ್ತಾನೆ. ಕೇಜು ನೆಲಕ್ಕೆ ಸಮವಾಗುವ ಕ್ಷಣ ನೋಡಿ ಕಾಲಿಡುವುದನ್ನು ಇಡೀ ಆಯುಸ್ಸು ಮಾಡಿದ ತಾತ ಆ ಕೈ ಹಿಡಿಯದೆ ದಾಟುತ್ತಾರೆ. ಜಿಮ್‌ಗೆ ಹೋಗುವ ಮೊಮ್ಮಗ ಎರಡು ಕೈಯೂ ಹಿಡಿಯುತ್ತಾನೆ.

ದಡದಲ್ಲಿ ಮಾಡಬೇಕಾದದ್ದು ಮೂರೇ: ಮರಳಿನಲ್ಲಿ ಹೆಸರು ಬರೆಯುವುದು, ಎಳನೀರಿನ ಬೆಲೆಯನ್ನು ಊರಿನ ಬೆಲೆಗೆ ಹೋಲಿಸಿ ಕುಡಿಯದೆ ಬರುವುದು, ಹಡಗು ಬಿಟ್ಟುಹೋದೀತೆಂದು ಅವಸರಪಡುವುದು. ದಿನವೂ ಬೆಂಗಳೂರು ರೈಲು ಹಿಡಿಯುವವರ ಮನೆಯಲ್ಲಿ ಮೂರನೆಯದಕ್ಕೆ ತರಬೇತಿ ಬೇಕಾಗುವುದಿಲ್ಲ.

೯. ಸಮಾಪ್ತಿ

ನೌಕಾವಿಹಾರ ಯಾವಾಗ ಮುಗಿಯುತ್ತದೆ ಎಂಬುದರಲ್ಲಿ ಮೂರು ಮತಗಳಿವೆ. ಹಡಗು ಬಂದರಿಗೆ ಬಂದಾಗ ಎಂಬುದು ಕಂಪನಿಯ ಮತ. ಬಂಗಾರಪೇಟೆಯಲ್ಲಿ ಇಳಿದು ಪಾನಿಪುರಿ ತಿಂದಾಗ ಎಂಬುದು ಮಕ್ಕಳ ಮತ. ಎರಡೂ ಅಗ್ರಾಹ್ಯ. ಫೋಟೋಗಳು ಬಂಧುಗಳ ವಾಟ್ಸಾಪ್ ಗುಂಪುಗಳಲ್ಲಿ ಹಂಚಿ ಮುಗಿದ ಮೇಲೂ, ಬೆನ್ನಿನ ಸುಟ್ಟ ಚರ್ಮ ಸುಲಿದು ಹೋದ ಮೇಲೂ, ಗಿರವಿ ಅಂಗಡಿಯ ಬಡ್ಡಿ ತಿಂಗಳು ತಿಂಗಳೂ ಓಡುತ್ತಲೇ ಇರುತ್ತದೆ. ಹೊರಟಲ್ಲಿಗೇ ಮರಳಬೇಕೆಂಬ ನಿಯಮ ಸರಕ್ಕೂ ಅನ್ವಯಿಸುವುದರಿಂದ, ಅಸಲು ಬಡ್ಡಿ ಕಟ್ಟಿ, ಗಿರವಿ ಚೀಟಿ ಹರಿಸಿ, ಸೊಸೆ ಅದನ್ನು ಅಂಗಡಿಯಲ್ಲೇ ತೂಗಿಸಿ ಕೊರಳಿಗೆ ಹಾಕಿಕೊಂಡ ದಿನವೇ ವಿಹಾರ ಶಾಸ್ತ್ರೋಕ್ತವಾಗಿ ಮುಗಿಯಿತೆಂಬುದು ಸಿದ್ಧಾಂತ.