ನೆಲ ಹಿಡಿದ ಕಾಕಾ

ಡೊಂಬಿವಲಿ ಎಂಐಡಿಸಿಯ ರೆಸಿಡೆನ್ಶಿಯಲ್ ಝೋನಿನಲ್ಲಿ ಗಲ್ಲಿಗೊಬ್ಬರಂತೆ ಸಿಗುವ ಕಾಕಾ ಇವರು. ಊರು ಕಲಬುರಗಿ ಕಡೆ. ಕೈಯಲ್ಲಿ ಐಟಿಐ ಫಿಟ್ಟರ್ ಸರ್ಟಿಫಿಕೇಟು, ಇಡೀ ನೌಕರಿ ಯಾವುದೋ ಕಾರ್ಖಾನೆಯ ಟೂಲ್‌ರೂಮಿನಲ್ಲಿ. ದಿನಕ್ಕೆ 8 ಗಂಟೆ ಬರಿ ಕಾಂಕ್ರೀಟಿನ ಮೇಲೆ ಲೇಥಿನ ಮುಂದೆ ನಿಂತು ರಿಟೈರ್ ಆದವರು. ಅಷ್ಟು ವರ್ಷದಲ್ಲಿ ನೆಲದ ಬಗ್ಗೆ ಒಮ್ಮೆಯೂ ಚಕಾರ ಎತ್ತಿದವರಲ್ಲ. ರೋ ಹೌಸಿನ ಹಿಂದಿನ 10 ಬೈ 12ರ ಕೋಣೆ ಖಾಲಿಯಾಗಿ ಅದಕ್ಕೆ ವರ್ಕ್‌ಶಾಪ್ ಎಂಬ ಹೆಸರು ಬಿದ್ದದ್ದೇ ತಡ, ತಮಗೆ ಎರಡು ಮೊಣಕಾಲುಗಳಿವೆ ಎಂಬ ಸಂಗತಿ ಅವರ ಗಮನಕ್ಕೆ ಬಂತು.

“ಮಷಿನ್ ಯಾವಾಗರ ತರಬಹುದು ತಮ್ಮಾ. ಮೊದಲು ನೆಲ.”

ಕಾಕಾರನ್ನು ಗುರುತಿಸುವುದು ಕಷ್ಟವಲ್ಲ. ಯಾರ ಮನೆಗೆ ಹೋದರೂ ಯಜಮಾನರ ಮುಖ ನೋಡುವ ಮೊದಲು ಅವರ ಟೈಲ್ಸ್ ನೋಡುತ್ತಾರೆ. ಹಿಮ್ಮಡಿಯಿಂದ ಎರಡು ಸಲ ಕುಟ್ಟಿ, ಒಳಗೆ ಟೊಳ್ಳಿದೆಯೋ ಎಂದು ಕಿವಿಗೊಡುತ್ತಾರೆ. ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಸಭೆಯೆಲ್ಲ ಮಕ್ಕಳ ಕೋಲಾಟಕ್ಕೆ ಚಪ್ಪಾಳೆ ತಟ್ಟುತ್ತಿದ್ದರೆ ಇವರ ಕಣ್ಣು ವೇದಿಕೆಯ ಹಲಗೆಯ ಮೇಲೆ. “ಪ್ಲೈವುಡ್ ತೆಳ್ಳಗದ. ಕೆಳಗ ಪಟ್ಟಿ ದೂರ ದೂರ ಹೊಡದಾರ. ಆದರ ಕುಣಿಯೋರ ಕಾಲಿಗೆ ಇದೇ ಛಲೋ.” 2020ರ ಫೆಬ್ರವರಿಯಲ್ಲಿ ರಾಸಾಯನಿಕ ಬಿದ್ದು ನಮ್ಮ ಎಂಐಡಿಸಿಯ ರಸ್ತೆಯೇ ಗುಲಾಬಿ ಬಣ್ಣಕ್ಕೆ ತಿರುಗಿತ್ತಲ್ಲ, ಮುಖ್ಯಮಂತ್ರಿಗಳೇ ನೋಡಲು ಬಂದಿದ್ದರು. ಊರೆಲ್ಲ ಮೂಗು ಮುಚ್ಚಿಕೊಂಡು ಓಡಾಡುವಾಗ ಕಾಕಾ ಬಗ್ಗಿ ಬೆರಳಿನಿಂದ ರಸ್ತೆ ಉಜ್ಜಿ ನೋಡಿದರು. “ಬಣ್ಣ ಹೆಂಗ ಪಕ್ಕಾ ಕೂತದ ನೋಡು. ಎಪಾಕ್ಸಿ ಅಂದ್ರ ಹಿಂಗ ಕೂಡಬೇಕು!”

ಆ ಎಪಾಕ್ಸಿಗೂ ಅವರು ಪರೀಕ್ಷೆ ಇಟ್ಟರು. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಹೊಡೆದು, ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಹಾಳೆಯ ಕೆಳಗೆ ಬೆವರು ಕಂಡರೆ ನೆಲದೊಳಗಿಂದ ತೇವ ಏಳುತ್ತಿದೆ ಎಂದರ್ಥ. ಅಂಥ ನೆಲಕ್ಕೆ ಬಳಿದ ಎಪಾಕ್ಸಿ ಹಪ್ಪಳದಂತೆ ಏಳುತ್ತದೆ. ಮೇ ತಿಂಗಳಲ್ಲಿ ಮಾಡಿದಾಗ ನೆಲ ಪಾಸಾಯಿತು. ಕಾಕಾ ಒಪ್ಪಲಿಲ್ಲ. “ಮೇದಾಗ ಪಾಸಾದವರನ್ನ ನಂಬಬ್ಯಾಡ. ಜುಲೈದಾಗ ಕೂಡಸು ಪರೀಕ್ಷೆಗೆ.” ಜುಲೈಯಲ್ಲಿ ನೆಲ ನಪಾಸಾಯಿತು. ಕಾಕಾರ ಮುಖದಲ್ಲಿ ಅಂದು ಕಂಡ ತೃಪ್ತಿ, ಮಗನಿಗೆ ಕೆಲಸ ಸಿಕ್ಕಾಗಲೂ ಕಂಡಿರಲಿಲ್ಲವೆಂದು ಕಾಕು ಹೇಳುತ್ತಾರೆ.

ಶಹಾಬಾದ್ ಫರ್ಸಿಯ ವಿಷಯ ಬಂದಾಗ ಮಾತ್ರ ಕಾಕಾ ಮೆತ್ತಗಾಗುತ್ತಾರೆ. ತವರು ಜಿಲ್ಲೆಯ ಕಲ್ಲು, ರೈಲು ಹತ್ತಿ ಮುಂಬಯಿಗೆ ಬಂದು ಎಷ್ಟೋ ಚಾಳುಗಳ ಅಂಗಳಕ್ಕೆ, ಒಟ್ಲೆಗೆ ಹಾಸಿಕೊಂಡದ್ದು. ತಾವೂ ಅದೇ ಹಳಿಯ ಮೇಲೆ ಬಂದವರಾದ್ದರಿಂದ ಸ್ವಲ್ಪ ದಾಯಾದಿ ಅಭಿಮಾನ. ಆದರೂ ಟೂಲ್‌ರೂಮಿನ ಮನುಷ್ಯ, ಪರೀಕ್ಷೆ ಇಲ್ಲದೆ ಅಣ್ಣತಮ್ಮಂದಿರನ್ನೂ ಒಳಗೆ ಬಿಟ್ಟುಕೊಳ್ಳುವವರಲ್ಲ. ಸುಣ್ಣದ ಕಲ್ಲು ಹುಳಿಗೆ ಹೆದರುತ್ತದೆ ಎಂದು ತೋರಿಸಲು ಒಂದು ತುಂಡನ್ನು ಕೆರೆದು ಲಿಂಬೆರಸ ಬಿಟ್ಟರು; ಸಣ್ಣಗೆ ಗುಳ್ಳೆ ಎದ್ದವು. “ಊರಿನ ಮ್ಯಾಲೇ ಲಿಂಬಿಹಣ್ಣು ಹಿಂಡಿದ್ರಿ” ಎಂದು ಕಾಕು ಒಳಗಿನಿಂದಲೇ ಅಂದರು. ಸುತ್ತಿಗೆ ಬಿದ್ದರೆ ಕಲ್ಲು ತಡೆದೀತು, ಮೊಣಕಾಲು ತಡೆಯುವುದಿಲ್ಲ ಎಂದು ಕಾರಣ ಕೊಟ್ಟು ಶಹಾಬಾದನ್ನು ಗೌರವಪೂರ್ವಕ ಬೀಳ್ಕೊಟ್ಟರು.

ಒಂದಕ್ಕೊಂದು ಹಲ್ಲು ಕಚ್ಚುವ ಫೋಮ್ ಟೈಲಿನ ಕಥೆ ಬೇಗ ಮುಗಿಯಿತು. ಡ್ರಿಲ್ಲಿನಿಂದ ಹಾರಿದ ಬಿಸಿ ಕಬ್ಬಿಣದ ಚೂರು ಬಿದ್ದಲ್ಲೆಲ್ಲ ತೂತು; ತೂತಿನಲ್ಲಿ ಕೂತ ಚೂರು ಚಪ್ಪಲಿಗೆ ಅಂಟಿ ಬೆಡ್‌ರೂಮಿನವರೆಗೆ ಪ್ರವಾಸ. ಉಳಿದ ನಾಲ್ಕು ಟೈಲಿನಲ್ಲಿ ಮೊಮ್ಮಗ ಮನೆ ಕಟ್ಟಿಕೊಂಡ. ಕೋಣೆಯಲ್ಲಿ ಇಷ್ಟರ ಮಟ್ಟಿಗೆ ಪೂರ್ತಿಯಾದ ಕಾಮಗಾರಿ ಅದೊಂದೇ.

ಆಮೇಲೆ ರಬ್ಬರಿನ ಯುಗ. ರಬ್ಬರ್ ಎಂದರೆ ಮುಂಬಯಿಯ ನಾಗದೇವಿ ಸ್ಟ್ರೀಟ್. ಅಂಗಡಿಯವನು ರೇಟು ಹೇಳುವಷ್ಟರಲ್ಲಿ ಕಾಕಾ ಸ್ಯಾಂಪಲ್ ಮೇಲೆ ನಿಂತಾಗಿರುತ್ತದೆ, ಕಣ್ಣು ಮುಚ್ಚಿ, ಕಾಲು ಗಂಟೆ. ಅವನು ಇವರಿಗೆ ಚಕ್ಕರ್ ಬಂತೇನೋ ಎಂದು ನೀರು ತರಿಸುತ್ತಾನೆ. ಕಣ್ಣು ತೆರೆದ ಕಾಕಾ ಅವನಿಗೇ ಪಾಠ ಹೇಳುತ್ತಾರೆ: ಅಲುಗಾಡದೆ ನಿಂತರೆ ರಕ್ತ ಕಾಲಿನಲ್ಲೇ ಉಳಿಯುತ್ತದೆ, ಅದನ್ನು ಮೇಲಕ್ಕೆ ತಳ್ಳುವ ಪಂಪು ಮೀನಖಂಡ. ಕೆಳಗಿನ ಹಾಸು ಕೊಂಚ ಬಾಗಿದರೆ ಕಾಲು ತನಗೆ ತಿಳಿಯದಂತೆ ಆಚೀಚೆ ತೂಗುತ್ತ ಪಂಪು ನಡೆಯುತ್ತದೆ. ಬಹಳ ಮೆತ್ತಗಾದರೆ ಕಾಲು ಹೂತು ಅದೂ ಸೋಲು. ಹಾಸಿನ ಅಂಚು ಇಳಿಜಾರಾಗಿರಬೇಕು, ಇಲ್ಲವಾದರೆ ಎಡವುವುದು ಖಾತ್ರಿ. ಪಾಠವೆಲ್ಲ ಸರಿಯೇ. ಹಿಂದೆ ನಿಂತ ಗಿರಾಕಿಗಳಿಗೆ ಮಾತ್ರ ಸೀಲು ಬೇಕು, ಹೋಸು ಬೇಕು, ಸಿಎಸ್‌ಎಂಟಿಯಿಂದ ಗಾಡಿ ಹಿಡಿಯಬೇಕು.

ಮನೆಗೆ ಬಂದ ಸ್ಯಾಂಪಲ್ ತುಂಡುಗಳು ಕಾಕುವಿನ ಸ್ಟೀಲ್ ಬಟ್ಟಲುಗಳಲ್ಲಿ ಮಷಿನ್ ಎಣ್ಣೆ ಕುಡಿಯುತ್ತ ಕೂತವು, ಉಪ್ಪಿನಕಾಯಿ ಭರಣಿಯ ಪಕ್ಕದಲ್ಲೇ. ಸ್ವಾಭಾವಿಕ ರಬ್ಬರ್ ಎಣ್ಣೆಗೆ ಉಬ್ಬುತ್ತದೆ, ನೈಟ್ರೈಲ್ ತಾಳಿಕೊಳ್ಳುತ್ತದೆ. ಉಬ್ಬಿದ್ದು ಯಾವುದು, ತಾಳಿದ್ದು ಯಾವುದು ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಬಟ್ಟಲುಗಳ ಗತಿ ಯಾರೂ ಕೇಳಲಿಲ್ಲ. ಗುಜರಿಯಲ್ಲಿ ಸಿಗುವ ಹಳೆ ಕನ್ವೇಯರ್ ಬೆಲ್ಟಿನ ತುಂಡು, 10 ಮಿ.ಮೀ. ದಪ್ಪದ್ದು, ಇಂಥ ಕೋಣೆಗೆ ಧಾರಾಳವಾಯಿತು ಎಂಬುದು ನನ್ನ ಅಭಿಪ್ರಾಯ. ಚದರ ಮೀಟರಿಗೆ 12 ಕಿಲೊ ಆಸುಪಾಸು ತೂಗುವುದರಿಂದ ಜಾರಿ ಓಡುವುದಿಲ್ಲ, ಸುತ್ತಿಗೆ ಬಿದ್ದರೆ ನಗುತ್ತದೆ. ಆದರೆ ಅಷ್ಟು ಸುಲಭದ ಉತ್ತರ ಕಾಕಾರಿಗೆ ಅವಮಾನ.

ಕೊನೆಗೆ ನೈಟ್ರೈಲ್ ಚಾಪೆ ಗೆದ್ದು, ಸುರುಳಿಯಾಗಿ ಲೋಕಲ್ಲಿನ ಲಗೇಜ್ ಡಬ್ಬಿಯಲ್ಲಿ ಡೊಂಬಿವಲಿಗೆ ಬಂತು. ಬಂದ ಸಂಜೆಯೇ ಅದು ಅಡುಗೆಕಟ್ಟೆಯ ಮುಂದೆ ಹಾಸಿತ್ತು.

“ಏನ ಇದು? ಇದು ಲೇಥಿನ ಮುಂದ ಹಾಸೋದು.”

“ಲೇಥ್ ಎಲ್ಲಿ ಅದ? ನಾ ಇಲ್ಲಿ ನಿಂತೀನಲ್ಲ, ಮದಿವಿ ಆದಾಗಿಂದ. ನಂಗ ಮೀನಖಂಡ ಇಲ್ಲೇನ್ರಿ?”

ತಮ್ಮದೇ ಸಿದ್ಧಾಂತ ಎದುರು ಪಕ್ಷ ಸೇರಿದ್ದರಿಂದ ಕಾಕಾ ವಾದ ಮಾಡಲಿಲ್ಲ. ಅಂಚು ಇಳಿಜಾರಾಗಿ ಕೊರೆದುಕೊಟ್ಟರು.

ಈಗ ವರ್ಕ್‌ಶಾಪಿಗೆ ಮರದ ಹಾಸು. ಶುಕ್ರವಾರದ ರಜೆಯಲ್ಲಿ ಹಳೆಯ ಸಹೋದ್ಯೋಗಿಯೊಬ್ಬರು ತಂದುಕೊಟ್ಟ ಪ್ಯಾಕಿಂಗ್ ಪೆಟ್ಟಿಗೆಯ ಪಟ್ಟಿಗಳನ್ನು ಕಾಕಾ ತಾವೇ ರಂಧಾ ಹೊಡೆದು, ಸಾಲಾಗಿ ಜೋಡಿಸಿ, ಕಬ್ಬಿಣದ ಚೂರು ಸಂದಿಯಿಂದ ಕೆಳಗಿಳಿಯುವಂತೆ ಮಾಡಿದ್ದಾರೆ. ಕಾಲಿಗೆ ಹಿತ, ತೇವ ತಾಗುವುದಿಲ್ಲ, ನಿಜಕ್ಕೂ ಒಳ್ಳೆ ಕೆಲಸ. ಎತ್ತರ 3 ಇಂಚು. ಅಲ್ಲೇ ಬಂತು ತಕರಾರು. ವೈಸ್‌ನ ದವಡೆ ಫಿಟ್ಟರನ ಮೊಣಕೈ ಮಟ್ಟಕ್ಕೆ ಇರಬೇಕೆಂಬುದು ಐಟಿಐ ಕಾಲದ ವೇದವಾಕ್ಯ. ಕಾಕಾ 3 ಇಂಚು ಮೇಲೇರಿದ ಮೇಲೆ ವೈಸ್ 3 ಇಂಚು ಕೆಳಗೆ ಉಳಿಯಿತು. ಬೆಂಚಿನ ಕಾಲಡಿ ಇಟ್ಟಿಗೆ ಬಂತು. ಬೆಂಚು ಎದ್ದಾಗ ಪ್ಲಗ್ ಪಾಯಿಂಟ್ ಮರೆಯಾಯಿತು. ವೈರ್‌ಮನ್ ಬಂದು ಹೋದ. ಮೇಲೆ ಲಾಫ್ಟು. ಇಷ್ಟು ದಿನ ಅದು ತನ್ನ ಪಾಡಿಗೆ ತಾನಿತ್ತು.

ಮೊನ್ನೆ ಹೋದಾಗ ಕಾಕಾರ ಹಣೆಯ ಮೇಲೆ ಒಂದು ಗುಬುಟು. ಲಾಫ್ಟಿನ ಅಂಚಿನುದ್ದಕ್ಕೂ, ಚಾಪೆ ಕೊರೆದಾಗ ಉಳಿದ ನೈಟ್ರೈಲ್ ಪಟ್ಟಿಯನ್ನು ಅಂಟಿಸಿ ಮುಗಿಸುತ್ತಿದ್ದರು.

“ಇನ್ನ ಹತ್ತಂಗಿಲ್ಲ ತಮ್ಮಾ. ಬಾ, ಹಲಗಿ ಮ್ಯಾಲ ನಿಂದ್ರು. ನೀ ಒಮ್ಮೆ ತಲಿ ಬಡಕೊಂಡು ನೋಡು.”